ಹಸಿರು ನೂಲಿನ ಪುಸ್ತಕ

ಗದಗಿನಲ್ಲಿ ನಮ್ಮ ಮನೆಯ ಪಡಸಾಲೆಯೇ ಅಪ್ಪನ ಪುಸ್ತಕದ ಅಂಗಡಿ. ಬೀದಿಯ ಕಡೆ ಹಲಗೆಯ ಬಾಗಿಲು. ಬೆಳಿಗ್ಗೆ ಹಲಗೆಗಳನ್ನು ತೆಗೆದು ಗೋಡೆಗೆ ಒರಗಿಸಿದರೆ ಅಂಗಡಿ, ಸಂಜೆ ಮತ್ತೆ ಜೋಡಿಸಿದರೆ ಮನೆ. ಮೂರೂ ಗೋಡೆಗಳಿಗೆ ಜಂತೆಯ ತನಕ ಪುಸ್ತಕಗಳು. ಊಟಕ್ಕೆ ಕೂತರೆ ಬೆನ್ನಿಗೆ ಪುರಾಣ, ಎದುರಿಗೆ ಶಾಲೆಯ ಪುಸ್ತಕ, ಬಲಕ್ಕೆ ಕಾದಂಬರಿ. ಮಜ್ಜಿಗೆ ಚೆಲ್ಲಿದರೆ ಅಪ್ಪ ಮೊದಲು ಪುಸ್ತಕಗಳನ್ನು ಎತ್ತುತ್ತಿದ್ದ, ಆಮೇಲೆ ಮಕ್ಕಳನ್ನು. ತಗ್ಗು ಜಂತೆಯ ನಡುವೆ ಒಂದು ಕಬ್ಬಿಣದ ಕೊಂಡಿ ಇತ್ತು. ಅದಕ್ಕೆ ಮೊದಲು ನನ್ನ ತೊಟ್ಟಿಲು ಕಟ್ಟಿದ್ದರು, ಆಮೇಲೆ ತಮ್ಮ ಈರಣ್ಣನದು. ಈರಣ್ಣ ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ಒಂಬತ್ತನೆಯ ದಿನ ಹೋಗಿಬಿಟ್ಟ. ಕೊನೆಯ ಎರಡು ದಿನ ಅವನು ಹಾಲನ್ನೂ ಮುಟ್ಟಲಿಲ್ಲ. ಮಳೆಗಾಲದಲ್ಲಿ ಯಾರಾದರೂ ಗಿರಾಕಿ ಒದ್ದೆ ಕೊಡೆಯನ್ನು ಆ ಕೊಂಡಿಗೆ ಸಿಕ್ಕಿಸಲು ಹೋದರೆ ಅವ್ವ ಒಳಗಿನಿಂದ ಬಂದು ಕೊಡೆ ಇಸಿದುಕೊಂಡು ಮೂಲೆಗೆ ಇಡುತ್ತಿದ್ದಳು. 

ಅವ್ವನ ಹೆಸರು ಗಂಗವ್ವ. ಬೆಟಗೇರಿಯ ನೇಕಾರರ ಮನೆಯ ಮಗಳು. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಯಾವ ಪುಸ್ತಕ ಓದಬೇಕು ಎಂದು ಜನ ಕೇಳುತ್ತಿದ್ದುದು ಅವಳನ್ನೇ. ಅಪ್ಪ ಪುಸ್ತಕ ಮಾರುತ್ತಿದ್ದನೇ ಹೊರತು ಓದುತ್ತಿರಲಿಲ್ಲ. ಅವನ ಓದೆಲ್ಲ ಪತ್ರಿಕೆ, ಅವನ ಮಾತೆಲ್ಲ ಸಭೆ. ಹುಬ್ಬಳ್ಳಿಯಿಂದಲೋ ಧಾರವಾಡದಿಂದಲೋ ಹೊಸ ಪುಸ್ತಕಗಳ ಗಂಟು ಬಂದರೆ ಒಂದೊಂದು ಪ್ರತಿ ಮೊದಲು ಅಡಿಗೆಮನೆಗೆ ಹೋಗುತ್ತಿತ್ತು. ಶಾಲೆಯಿಂದ ಬಂದ ನಾನು ಒಲೆಯ ಪಕ್ಕದ ಮಣೆಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು, ಅವ್ವ ರೊಟ್ಟಿ ಬಡಿಯುತ್ತ ಕೇಳಬೇಕು. ಕಥೆ ಜಾಳಾಗಿದ್ದರೆ ಬಡಿತ ಜೋರಾಗುತ್ತಿತ್ತು. ಕಥೆ ಹಿಡಿಸಿತೆಂದರೆ ಅವಳ ಅಂಗೈ ಹಿಟ್ಟಿನ ಮೇಲೆಯೇ ನಿಂತುಬಿಡುತ್ತಿತ್ತು, ಹಂಚಿನ ಮೇಲಿದ್ದ ರೊಟ್ಟಿಯ ನೆನಪು ಇಬ್ಬರಿಗೂ ಇರುತ್ತಿರಲಿಲ್ಲ.

"ಒಳಗ ರೊಟ್ಟಿ ಹೊತ್ತಿದ ವಾಸನಿ ಬಂತಂದ್ರ ತಿಳಕೋರಿ, ಈ ಸಲದ ಪುಸ್ತಕ ಚೊಲೊ ಐತಿ," ಎಂದು ಅಪ್ಪ ಗಿರಾಕಿಗಳ ಮುಂದೆ ಚೇಷ್ಟೆ ಮಾಡುತ್ತಿದ್ದ.

"ಆ ಹೊತ್ತಿದ್ದನ್ನ ನಿಮಗ ಬಡಸ್ತೀನಿ ತಡೀರಿ, ಎಷ್ಟ ಚೊಲೊ ಐತಿ ಅಂತ ತಿಳೀತೈತಿ," ಎಂದು ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು. ಬಾಯಿಮಾತಿಗೆ ಅಷ್ಟೆ. ಹೊತ್ತಿದ ರೊಟ್ಟಿಯನ್ನು ಅವಳು ಯಾರ ತಾಟಿಗೂ ಹಾಕಿದವಳಲ್ಲ, ತಾನೇ ತಿನ್ನುತ್ತಿದ್ದಳು.

ಅಕ್ಷರ ಬಾರದವಳು ತನ್ನ ಮಾತನ್ನು ಪುಸ್ತಕದೊಳಗೆ ಹೇಗೆ ಇಡಬೇಕು? ಅವ್ವ ಅದಕ್ಕೆ ತವರಿನ ದಾರಿ ಹುಡುಕಿಕೊಂಡಿದ್ದಳು. ಮಗ್ಗದಲ್ಲಿ ಸೀರೆ ಮುಗಿದ ಮೇಲೆ ಉಳಿಯುವ ನೂಲಿನ ತುಂಡುಗಳನ್ನು ಬೆಟಗೇರಿಯಿಂದ ತಂದು ಒಂದು ತಗಡಿನ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಕೇಳಿ ಮುಗಿಸಿದ ಪುಸ್ತಕದ ಬೆನ್ನಿಗೆ ಒಂದು ನೂಲು ಸುತ್ತಿ ಗಂಟು ಹಾಕುತ್ತಿದ್ದಳು. ಕೆಂಪು ನೂಲೆಂದರೆ ಮನೆಮಂದಿಯೆಲ್ಲ ಕೂಡಿ ಓದಿ ನಗಬಹುದು. ಕರಿ ನೂಲೆಂದರೆ ಪುಸ್ತಕ ಒಳ್ಳೆಯದೇ, ಆದರೆ ಬಸುರಿ ಬಾಣಂತಿ ಇರುವ ಮನೆಗೆ, ಹಾಸಿಗೆ ಹಿಡಿದವರಿರುವ ಮನೆಗೆ ಒಯ್ಯಬೇಡಿ. ಹಸಿರು ನೂಲೆಂದರೆ ದುಃಖದ ಮನೆಗೂ ಒಯ್ಯಬಹುದು, ಓದಿದವರಿಗೆ ಮರುದಿನ ಎದ್ದು ಒಲೆ ಹಚ್ಚುವಷ್ಟು ಬಲ ಬರುತ್ತದೆ. ನೂಲೇ ಇಲ್ಲದಿದ್ದರೆ ಅವ್ವನಿಗೆ ತಿಳಿಯಲಿಲ್ಲ ಎಂದು ಅರ್ಥ. ಲಕ್ಷ್ಮೇಶ್ವರ, ಶಿರಹಟ್ಟಿಗಳಿಂದ ಸಂತೆಗೆಂದು ಬಂದವರೂ ನಮ್ಮ ಅಂಗಡಿ ಹೊಕ್ಕು ಹೆಸರು ಕೇಳುವ ಮೊದಲು ಬಣ್ಣ ನೋಡುತ್ತಿದ್ದರು.

"ಅಕ್ಕಾರ, ಬೆಳ್ಳಟ್ಟಿಗೆ ನಮ್ಮ ತಂಗಿ ಬಾಣಂತನಕ್ಕ ಬಂದಾಳ. ಯಾವ ನೂಲಿಂದು ಒಯ್ಯಲ್ರಿ?"

"ಕೆಂಪು ಒಯ್ರಿ. ಕೂಸು ಮಲಗಿದಾಗ ಮಾತ್ರ ಓದಬ್ಯಾಡ ಅಂತ ಹೇಳ್ರಿ, ನಕ್ಕು ನಕ್ಕು ಎಬ್ಬಿಸ್ಯಾಳು."

ಒಮ್ಮೆ ಶಿರಹಟ್ಟಿಯ ಮಾಸ್ತರರೊಬ್ಬರು ಜಗಳಕ್ಕೇ ಬಂದಿದ್ದರು. ದೊಡ್ಡ ದೊಡ್ಡವರೆಲ್ಲ ಹೊಗಳಿದ ಪುಸ್ತಕಕ್ಕೆ ನೂಲು ಯಾಕಿಲ್ಲ ಎಂದು ಅವರ ತಕರಾರು. ಅವ್ವ ಬಾಗಿಲ ಮರೆಗೆ ನಿಂತು ಹೇಳಿದಳು:

"ನನಗ ತಿಳೀಲಿಲ್ರಿ ಮಾಸ್ತರ. ನಿಮಗ ತಿಳಿದಿದ್ರ ನಾಕ ಮಾತಿನ್ಯಾಗ ಹೇಳ್ರಿ, ಈಗ ಕಟ್ಟತೀನಿ."

ಮಾಸ್ತರರು ಆ ಪುಸ್ತಕವನ್ನು ತಿರುಗಿ ಕಪಾಟಿಗೆ ಇಟ್ಟರು. ಕೊನೆಗೆ ಹಸಿರು ನೂಲಿನದೊಂದು ಪುಸ್ತಕ ತೆಗೆದುಕೊಂಡು ಹೋದರು. ಅವ್ವನ ಬಳಿ ಇದ್ದ ಆಸ್ತಿ ಇದೊಂದೇ. ಅವಳ ನೂಲನ್ನು ಜನ ನಂಬುತ್ತಿದ್ದರು.

ಆಗ ನಮ್ಮ ಸೀಮೆಯ ಬದುಕೇ ವಿಚಿತ್ರವಾಗಿತ್ತು. ಸ್ವಾತಂತ್ರ್ಯ ಬಂದಾಗ ನಾನು ಸಣ್ಣವಳು, ಓಣಿಯಲ್ಲಿ ಸಕ್ಕರೆ ಹಂಚಿದ್ದು ಬಿಟ್ಟು ಬೇರೇನೂ ನೆನಪಿಲ್ಲ. ಆದರೆ ಅಪ್ಪನ ಕೋಪ ಚೆನ್ನಾಗಿ ನೆನಪಿದೆ. ನಾವು ಮುಂಬಯಿಯವರ ಕೆಳಗೆ. ಒಂದು ಹಗಲಿನ ಚಕ್ಕಡಿ ದಾರಿಯ ಲಕ್ಷ್ಮೇಶ್ವರ ಬೇರೆ ಸಂಸ್ಥಾನದ್ದಾಗಿತ್ತು. ಮುಂಡರಗಿ ದಾಟಿ ಮೂಡಲಕ್ಕೆ ನಡೆದರೆ ನಿಜಾಮನ ಸೀಮೆ, ಹೊಳೆ ದಾಟಿದರೆ ಮದರಾಸಿನವರದು. ಒಂದೇ ಭಾಷೆಯ ಬೀಗರು ಮದುವೆಗೆ ಬರಬೇಕಾದರೆ ನಾಲ್ಕು ಸರ್ಕಾರ ದಾಟಬೇಕು ಎಂದು ಅಪ್ಪ ಕೂಗಾಡುತ್ತಿದ್ದ. ರಾಜರೂ ನಿಜಾಮನೂ ಹೋದ ಮೇಲೆ ಕನ್ನಡದವರೆಲ್ಲ ಒಂದಾಗಬೇಕೆಂಬ ಮಾತು ಜೋರಾಯಿತು. ಅಂಗಡಿಯನ್ನು ಅವ್ವನ ಕೈಗೆ ಬಿಟ್ಟು ಅಪ್ಪ ಏಕೀಕರಣದ ಸಭೆಗಳಿಗೆ ತಿರುಗುತ್ತಿದ್ದ. ಮನೆಯಲ್ಲಿ ಒಂದು ಜೀವ ಕಡಿಮೆಯಾಗಿತ್ತು. ಅಪ್ಪ ಆ ಸಂಕಟವನ್ನು ಸಭೆಯಲ್ಲಿ ಕೂಗಿ ಕಳೆದುಕೊಂಡ, ಅವ್ವ ಕಥೆ ಕೇಳಿ ಕಳೆದುಕೊಂಡಳು ಎಂದು ಈಗ ಅನ್ನಿಸುತ್ತದೆ.

ಅವ್ವ ಬಾಯ್ತುಂಬ ನಗುತ್ತಿದ್ದುದು ನೀಲವ್ವ ಬಂದಾಗ ಮಾತ್ರ. ನೀಲವ್ವ ಅವ್ವನ ಬೆಟಗೇರಿಯ ಗೆಳತಿ, ಮುಂಡರಗಿಯ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಹೋದವಳು. ನಾನು ಅವಳನ್ನು ಚಿಗವ್ವ ಎಂದೇ ಕರೆಯುತ್ತಿದ್ದೆ. ನಾಲ್ಕನೆಯ ಇಯತ್ತೆ ಓದಿದ್ದಳು. ಅವಳಿಗೆ ಶಿವು ಒಬ್ಬನೇ ಮಗ, ನಮ್ಮ ಈರಣ್ಣನ ಓರಗೆಯವನು. ನೀಲವ್ವ ಬಂದಾಗಲೆಲ್ಲ ಅವ್ವ ಶಿವುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ತಿನ್ನಿಸುತ್ತಿದ್ದಳು. ತುಸು ಹೆಚ್ಚೇ ತಿನ್ನಿಸುತ್ತಿದ್ದಳು.

ಆ ಪುಸ್ತಕ ಬಂದಾಗ ನನಗೆ ಹನ್ನೆರಡು. ಅದರ ಹೆಸರು ಬೇಡ, ಅದರದೇನೂ ತಪ್ಪಿಲ್ಲ. ಅದೊಂದು ಅಂಬಿಗನ ಮನೆಯ ಕಥೆ. ಅಂಬಿಗನ ಸಣ್ಣ ಮಗನಿಗೆ ಜ್ವರ ಬರುತ್ತದೆ, ಹೊಳೆ ತುಂಬಿರುತ್ತದೆ, ವೈದ್ಯರು ಆಚೆ ದಡದಲ್ಲಿ. ಮೂರು ದಿನ ಓದಿದೆ, ಮೂರೂ ದಿನ ರೊಟ್ಟಿ ಹೊತ್ತಿತು. ನಾಲ್ಕನೆಯ ದಿನ ಬೆಳಿಗ್ಗೆ ಆಸೆ ತಡೆಯಲಾರದೆ ಪುಸ್ತಕವನ್ನು ಪಾಟಿಚೀಲದಲ್ಲಿ ಹಾಕಿಕೊಂಡು ಹೋಗಿ ಶಾಲೆಯಲ್ಲಿ ಕೊನೆಯ ಹಾಳೆಗಳನ್ನು ಓದಿಬಿಟ್ಟೆ. ಹರಿಗೋಲು ದಡ ಮುಟ್ಟುವ ಮೊದಲೇ ಹುಡುಗ ತಂದೆಯ ತೊಡೆಯ ಮೇಲೆ ಸಾಯುತ್ತಾನೆ. ನಮ್ಮ ಈರಣ್ಣನಂತೆ ಅವನೂ ಕೊನೆಗೆ ಹಾಲು ಮುಟ್ಟಿರುವುದಿಲ್ಲ. ಸಂಜೆ ಮಣೆಯ ಮೇಲೆ ಕೂತು ಪುಸ್ತಕ ತೆರೆದೆ. ಹರಿಗೋಲು ನಡುಹೊಳೆಗೆ ಬರುವ ತನಕ ಇದ್ದದ್ದನ್ನೇ ಓದಿದೆ. ತಲೆ ಎತ್ತಿದರೆ ಅವ್ವ ಹಿಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆ ಮುಖಕ್ಕೆ ಆ ಮಾತು ಓದಲು ನನ್ನಿಂದ ಆಗಲಿಲ್ಲ. ಹಾಳೆಯ ಮೇಲೆ ಕಣ್ಣಿಟ್ಟು, ಅದರಲ್ಲಿ ಇಲ್ಲದ್ದನ್ನು ಓದುವ ದನಿಯಲ್ಲೇ ಹೇಳಿದೆ. ಹರಿಗೋಲು ದಡ ಮುಟ್ಟಿತು. ವೈದ್ಯರು ಔಷಧ ಕೊಟ್ಟರು. ಬೆಳಗಾಗುವಷ್ಟರಲ್ಲಿ ಹುಡುಗ ಎದ್ದು ಕೂತು ಹಾಲು ಕೇಳಿದ.

"ಹಾಲು ಕೇಳಿದನಾ?"

"ಹೂಂ ಅವ್ವ."

"ಕುಡದನಾ?"

"ಕುಡದ. ವಾಟಗಾ ತುಂಬ ಕುಡದ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹಿಟ್ಟು ಕೆನ್ನೆಗೆ ಹತ್ತಿತು. ಆಮೇಲೆ ಡಬ್ಬಿ ತೆಗೆದು ಅಂಗಡಿಯಲ್ಲಿದ್ದ ಐದೂ ಪ್ರತಿಗಳಿಗೆ ಹಸಿರು ನೂಲು ಕಟ್ಟಿದಳು. ಆ ವಾರವೆಲ್ಲ ನಾನು ನೆಲದ ಮೇಲೆ ಕಾಲಿಡಲಿಲ್ಲ. ಅವ್ವನನ್ನು ಕಾಪಾಡಿದೆ ಎಂದುಕೊಂಡಿದ್ದೆ.

ಹದಿನೈದು ದಿನ ಕಳೆದಿರಬೇಕು. ನೀಲವ್ವನ ಗಂಡ ಔಷಧಕ್ಕೆಂದು ಮುಂಡರಗಿಯಿಂದ ಬಂದವರು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತರು. ಶಿವುವಿಗೆ ಜ್ವರ, ಬಿಡುತ್ತಿಲ್ಲ, ನೀಲವ್ವ ಊಟ ಬಿಟ್ಟಿದ್ದಾಳೆ ಎಂದರು. ಅವ್ವ ನೀರು ಕೊಟ್ಟಳು, ಸಮಾಧಾನ ಹೇಳಿದಳು. ಆಮೇಲೆ ಕಪಾಟಿನಿಂದ ಆ ಪುಸ್ತಕ ತೆಗೆದು ಅವರ ಕೈಗೆ ಇಟ್ಟಳು.

"ಇದನ್ನ ನೀಲಿಗೆ ಕೊಡ್ರಿ ಅಣ್ಣಾರ. ಕೂಸಿನ ಕಡೆ ಕುಂತು ಓದಂತ ಹೇಳ್ರಿ. ನಡುವ ಅಂಜಿಕಿ ಬರತೈತಿ, ಬಿಡಬಾರದು. ಕಡೀಕ ಹುಡುಗ ಎದ್ದು ಕುಂಡ್ರತಾನ, ಹಾಲು ಕುಡೀತಾನ. ಗಂಗಿ ಹೇಳ್ಯಾಳಂತ ಹೇಳ್ರಿ."

ನಾನು ಅಲ್ಲಿಯೇ ಬಾಗಿಲಲ್ಲಿ ನಿಂತಿದ್ದೆ. ಬೇಡ ಎನ್ನಲು ಒಂದು ಉಸಿರು ಸಾಕಿತ್ತು. ಹೇಳಿದರೆ ಅವ್ವ ಮತ್ತೆ ಮಂಕಾಗುತ್ತಾಳೆ ಎಂಬ ಹೆದರಿಕೆಯಿಂದ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಖರೆ. ಬೈಸಿಕೊಳ್ಳಲು ಹೆದರಿದೆ ಎಂಬುದು ಉಳಿದರ್ಧ. ನೀಲವ್ವನ ಗಂಡ ಪುಸ್ತಕವನ್ನು ಔಷಧದ ಬಾಟಲಿಯ ಜೊತೆ ಹೆಗಲ ವಲ್ಲಿಯಲ್ಲಿ ಕಟ್ಟಿಕೊಂಡು ಬಸ್ಸಿಗೆ ನಡೆದರು.

ಶಿವು ಉಳಿಯಲಿಲ್ಲ. ಖಬರು ಬಂದ ಮರುದಿನವೇ ಅವ್ವ ನನ್ನನ್ನು ಕರೆದುಕೊಂಡು ಮುಂಡರಗಿಗೆ ಹೊರಟಳು. ಅಪ್ಪ ಸಭೆಗೆಂದು ಧಾರವಾಡಕ್ಕೆ ಹೋಗಿದ್ದ. ಬಸ್ಸಿನಲ್ಲಿ ಅವ್ವ ಒಂದೇ ಮಾತಾಡಿದಳು, ಆ ಮನೆಯಲ್ಲಿ ಏನೂ ಕೇಳಬೇಡ, ನೀರು ಕೊಟ್ಟರೂ ಕುಡಿಯಬೇಡ ಎಂದು. ಕಪ್ಪತಗುಡ್ಡ ಕಿಡಕಿಯಲ್ಲಿ ಬಹಳ ಹೊತ್ತು ನಮ್ಮ ಜೊತೆಗೇ ಬಂತು. ನಾನು ಆ ಗುಡ್ಡಕ್ಕೆ ಹರಕೆ ಹೊತ್ತೆ. ಚಿಗವ್ವ ಆ ಪುಸ್ತಕ ಓದಿರಬಾರದು, ಅದು ವಲ್ಲಿಯ ಗಂಟಿನಲ್ಲೇ ಉಳಿದಿರಬೇಕು. ಸತ್ತ ಹುಡುಗನಿಗಾಗಿ ನಾನು ಏನೂ ಬೇಡಿಕೊಳ್ಳಲಿಲ್ಲ. ಹನ್ನೆರಡು ವರ್ಷದ ಮನಸ್ಸು ಅಷ್ಟು ಕೆಟ್ಟದಾಗಿರುತ್ತದೆ.

ನೀಲವ್ವ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸುತ್ತ ಹೆಂಗಸರು. ಅವ್ವ ಹೊಸ್ತಿಲು ದಾಟಿ ಅಳುತ್ತ ಅವಳ ಕಡೆ ಹೋದಳು. ನೀಲವ್ವ ಕೈ ಅಡ್ಡ ಹಿಡಿದಳು. ಗೋಡೆಯ ಮಾಡದಿಂದ ಪುಸ್ತಕ ತೆಗೆದು ಅವ್ವನ ಕಾಲ ಬಳಿ ಇಟ್ಟಳು. ಹಸಿರು ನೂಲು ಇನ್ನೂ ಅದರ ಬೆನ್ನಿಗಿತ್ತು.

"ಗಂಗೀ, ನಿನಗ ನಾ ಏನ್ ಮಾಡಿದ್ನೆ? ಹುಡುಗ ಎದ್ದು ಕುಂಡ್ರತಾನಂತ ಹೇಳಿ ಕಳಿಸಿದ್ದಿ. ನನ್ನ ಕೂಸು ಪ್ರತಿ ಹಾಳಿಗೆ ಕೇಳ್ತು, ಅವ್ವಾ ಆಂವಾ ಏಳತಾನಲ್ಲ, ಏಳತಾನಲ್ಲ ಅಂತ. ಏಳತಾನಪ್ಪಾ, ಗಂಗವ್ವ ಹೇಳ್ಯಾಳ ಅಂತ ಓದಕೋತ ಹೋದೆ. ಆ ಹಾಳಿಗೆ ಬಂದು ನನ್ನ ಬಾಯಿ ನಿಂತ ಹೋತು. ಸುಳ್ಳು ಹೇಳಾಕ ನನಗ ಆಗಲಿಲ್ಲ. ಕೂಸು ನನ್ನ ಮಾರಿ ನೋಡಿ ಗ್ವಾಡಿ ಕಡೆ ಹೊಳ್ಳಿ ಮಲಕ್ಕೊಂತು. ಮತ್ತೇನೂ ಕೇಳಲಿಲ್ಲ."

"ಎದ್ದು ಕುಂತನಲ್ಲ ನೀಲೀ," ಅವ್ವ ತಬ್ಬಿಬ್ಬಾಗಿ ಹೇಳಿದಳು, "ಹಾಲು ಕುಡದನಲ್ಲ."

ನೀಲವ್ವ ಪುಸ್ತಕ ತೆರೆದು ಕೊನೆಯ ನಾಲ್ಕು ಸಾಲು ಓದಿದಳು. ಓದಿ ಅದನ್ನು ಮತ್ತೆ ನೆಲಕ್ಕಿಟ್ಟಳು. ಅವ್ವ ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು. ಒಂದೇ ಸಲ. ನಾನು ನೆಲ ನೋಡಿದೆ. ಈಗಲಾದರೂ ಮಗಳ ಹೆಸರು ಹೇಳುತ್ತಾಳೆ, ಹೇಳಲಿ ಎಂದು ಕಾದೆ. ಅವಳು ಬಗ್ಗಿ ಪುಸ್ತಕ ಎತ್ತಿಕೊಂಡಳು.

"ತಪ್ಪು ನಂದ ನೀಲೀ. ನನಗ ಓದಾಕ ಬರೂದಿಲ್ಲ. ಬರದಾಕಿ ಹೇಳಬಾರದಿತ್ತು."

ಆ ಕೋಣೆಯಲ್ಲಿ ನಾನು ಆಗಲೂ ಬಾಯಿ ಬಿಡಲಿಲ್ಲ.  ನೀಲವ್ವ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಬೆಟಗೇರಿಗೆ ಬಂದರೂ ನಮ್ಮ ಓಣಿ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದಳು ಎಂದು ಬೇರೆಯವರು ಹೇಳುತ್ತಿದ್ದರು.

ಮನೆಗೆ ಬಂದ ಮೇಲೆ ಅವ್ವ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮರುದಿನ ಬೆಳಿಗ್ಗೆ ಸ್ಟೂಲಿನ ಮೇಲೆ ನಿಂತು ಕಪಾಟುಗಳಲ್ಲಿದ್ದ ಒಂದೊಂದೇ ಪುಸ್ತಕ ಇಳಿಸಿ ಒಂದೊಂದೇ ನೂಲು ಬಿಚ್ಚಿದಳು. ಹಸಿರಷ್ಟೇ ಅಲ್ಲ, ಎಲ್ಲವನ್ನೂ. ಅವುಗಳಲ್ಲಿ ಯಾವುದನ್ನು ನಾನು ನೆಟ್ಟಗೆ ಓದಿದ್ದೆ, ಯಾವುದನ್ನು ತಿರುಚಿದ್ದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಉಳಿದವನ್ನೆಲ್ಲ ಇದ್ದಂತೆಯೇ ಓದಿದ್ದೆ, ಆಣೆ ಮಾಡಿ ಹೇಳಬಲ್ಲೆ. ಆದರೆ ಆಣೆ ಮಾಡು ಎಂದು ಅವಳು ಕೇಳಲಿಲ್ಲ. ಸಂಜೆ ನಾನು ಅಭ್ಯಾಸದಂತೆ ಮಣೆ ಹಾಕಿಕೊಂಡು ಕೂತರೆ, "ಹೊರಗ ಗಾಳಿ ಐತಿ, ಅಲ್ಲಿ ಕುಂತು ಓದಕೋ ಹೋಗು," ಎಂದಳು. ಅಡಿಗೆಮನೆಯಲ್ಲಿ ರೊಟ್ಟಿಯ ಬಡಿತ ಒಂದೇ ಸಮ ಕೇಳುತ್ತಿತ್ತು, ಜೋರೂ ಆಗದೆ, ನಿಲ್ಲಲೂ ಇಲ್ಲದೆ. ರೊಟ್ಟಿಗಳು ಹೊತ್ತುವುದು ನಿಂತಿತು.

"ನೂಲು ಎಲ್ಲಿ ಹೋದುವ್ರಿ?" ಎಂದು ಗಿರಾಕಿಗಳು ಕೇಳುತ್ತಿದ್ದರು. "ಬೆಟಗೇರಿ ಮಗ್ಗ ಬಂದ್ ಬಿದ್ದಾವ್ರಿ," ಎಂದು ಅಪ್ಪ ನಗೆಯಾಡಿ ಹಾರಿಸುತ್ತಿದ್ದ. ಒಳಗೆ ಬಂದು ಅವ್ವನನ್ನು ಕೇಳಿದ. ಬೇಸರ ಬಂತು ಎಂದಷ್ಟೇ ಅವಳು ಹೇಳಿದಳು. ನನ್ನ ಹೆಸರನ್ನು ಅಪ್ಪನ ಮುಂದೆಯೂ ಎತ್ತಲಿಲ್ಲ.

ಒಂದು ತಿಂಗಳ ಮೇಲೆ ಅವ್ವ ನನ್ನ ಹಳೆಯ ಪಾಟಿ ಹುಡುಕಿ ತೆಗೆದಳು. ನಮ್ಮ ಓಣಿಯ ಗುಡಿಯ ಅಂಗಳದಲ್ಲಿ ಶಾಲೆಯ ಬಾಯಾರೊಬ್ಬರು ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದರು. ಅವ್ವ ಪಾತ್ರೆ ತೊಳೆದಿಟ್ಟು, ಪಾಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲಿಗೆ ನಡೆದಳು. ಅಪ್ಪನಿಗೆ ಹಿಗ್ಗೋ ಹಿಗ್ಗು. ಕನ್ನಡ ನಾಡು ಒಂದಾಗುವುದಕ್ಕೂ ತನ್ನ ಹೆಂಡತಿ ಕನ್ನಡ ಓದುವುದಕ್ಕೂ ತಾಳೆ ಹಾಕಿ ಸಭೆಯಲ್ಲೆಲ್ಲ ಹೇಳಿಕೊಂಡು ಬಂದ. ನೆರೆಯವರು ಹೊಗಳಿದರು. ನನ್ನ ಶಾಲೆಯ ಮಾಸ್ತರರು, ನೋಡು, ನಿಮ್ಮವ್ವನಿಗೆ ಈ ವಯಸ್ಸಿನಲ್ಲಿ ಎಂಥ ಛಲ ಎಂದರು. ಈಗಲೂ ಯಾರಾದರೂ ಅಕ್ಷರ ಕಲಿತ ತಾಯಿಯರ ಕಥೆ ಹೇಳಿ ಕಣ್ಣಲ್ಲಿ ನೀರು ತಂದುಕೊಂಡರೆ ನಾನು ಎದ್ದು ಹೊರಗೆ ಹೋಗುತ್ತೇನೆ. ನನ್ನ ಅವ್ವ ಯಾಕೆ ಕಲಿತಳು ಎಂಬುದು ನನಗೆ ಗೊತ್ತು. ನನ್ನ ಬಾಯಿಯ ಮೇಲೆ ಅವಳಿಗೆ ನಂಬಿಕೆ ಉಳಿದಿರಲಿಲ್ಲ.

ವರ್ಷ ಒಪ್ಪತ್ತು ಕಳೆಯಿತು. ಕನ್ನಡದ ಸೀಮೆಗಳೆಲ್ಲ ಒಂದಾದ ದಿನ ಬಂತು. ಓಣಿಯ ಮನೆಮನೆಗೂ ತೋರಣ, ಹೊತ್ತು ಮುಳುಗುವ ಮೊದಲೇ ದೀಪ. ಅಪ್ಪ ಹೊಸ ಧೋತರ ಉಟ್ಟು ಮೆರವಣಿಗೆಗೆ ಹೋದ. ನಾನೂ ಹೊರಟಿದ್ದೆ, ಅವ್ವ ಅಡಿಗೆಮನೆಯಿಂದ ಕರೆದಳು.

"ಕಮಲೀ, ಬಾ ಇಲ್ಲಿ. ಇವತ್ತ ನೀ ರೊಟ್ಟಿ ಬಡಿ, ನಾ ಓದತೀನಿ."

ಮಣೆಯ ಮೇಲೆ ಅವಳು ಕೂತಿದ್ದಳು. ಹಿಟ್ಟಿನ ಡಬ್ಬಿಯ ಹಿಂದಿನಿಂದ ಪುಸ್ತಕ ತೆಗೆದಳು. ಮುಂಡರಗಿಯಿಂದ ತಂದದ್ದು, ಹಸಿರು ನೂಲು ಅದರಲ್ಲಿ ಮಾತ್ರ ಉಳಿದಿತ್ತು. ಆ ನೂಲಿನಡಿ ಬೆರಳು ಸೇರಿಸಿ ಕೊನೆಯ ಹಾಳೆಗಳನ್ನು ತೆರೆದಳು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಕೂಡಿಸಿ, ತಪ್ಪಿ, ಹಿಂದೆ ಹೋಗಿ ಮತ್ತೆ ಕೂಡಿಸಿ ಓದತೊಡಗಿದಳು. ನಾನು ನಾಲ್ಕು ಸಾಲಿನಲ್ಲಿ ದಡ ಮುಟ್ಟಿಸಿದ ಹರಿಗೋಲು ಅವಳ ಬಾಯಲ್ಲಿ ಮುಂದೆಯೇ ಹೋಗಲೊಲ್ಲದು. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿತ್ತು. ಮುಂದಿನ ಶಬ್ದ ಏನೆಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಹುಡುಗನ ಕೈ ತಣ್ಣಗಾದದ್ದನ್ನು ಅವಳು ಅಕ್ಷರ ಅಕ್ಷರವಾಗಿ ತಿಳಿದುಕೊಂಡಳು. ಹಾಲಿನ ವಾಟಗಾ ಮುಟ್ಟದೆ ಉಳಿದದ್ದನ್ನೂ ಹಾಗೆಯೇ. ಬೀದಿಯಲ್ಲಿ ಜಯಕಾರ ಕೇಳುತ್ತಿತ್ತು. ನನ್ನ ಅಂಗೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತ್ತು.

ಓದಿ ಮುಗಿಸಿ ಅವ್ವ ಪುಸ್ತಕ ಮುಚ್ಚಿದಳು. ಆಮೇಲೆ ಹಸಿರು ನೂಲನ್ನು ಬಿಚ್ಚಿ, ತಗಡಿನ ಡಬ್ಬಿಯಿಂದ ಕರಿ ನೂಲು ತೆಗೆದು ಪುಸ್ತಕದ ಬೆನ್ನಿಗೆ ಕಟ್ಟಿದಳು.

"ತಪ್ಪಾತವ್ವಾ," ಎಂದೆ. ಅಷ್ಟು ಹೇಳಲು ನನಗೆ ಅಷ್ಟು ದಿನ ಬೇಕಾಯಿತು.

"ಚೊಲೊ ಬರದಾನ," ಎಂದಳು ಅವ್ವ. ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದಳು. "ಆವತ್ತ ನೀ ಓದೂ ಮುಂದ ಹಾಳಿ ತಿರುವಿದ ಸಪ್ಪಳ ಬರಲಿಲ್ಲ ಕಮಲೀ. ಇಷ್ಟ ದಪ್ಪ ಉಳದಿತ್ತು, ಒಂದ ಹಾಳಿನೂ ನೀ ತಿರುವಲಿಲ್ಲ. ನನಗ ಓದಾಕ ಬರತಿರಲಿಲ್ಲ, ಕಿವಿ ಕೇಳತಿತ್ತು."

ನಾನು ಅವಳ ಮುಖ ನೋಡಿದೆ.

"ಯಾಕಂತ ನಾ ಕೇಳಬೇಕಾಗಿತ್ತು ನಿನಗ. ಕೇಳಲಿಲ್ಲ. ಆ ಹುಡುಗ ಏಳೂದು ನನಗೂ ಬೇಕಾಗಿತ್ತು."

ಹಂಚಿನ ಮೇಲಿದ್ದ ರೊಟ್ಟಿ ಕರ್ರಗೆ ಹೊತ್ತಿ ಅಡಿಗೆಮನೆಯೆಲ್ಲ ಹೊಗೆಯಾಗಿತ್ತು. ಅವ್ವ ಎದ್ದು ಅದನ್ನು ತೆಗೆದಳು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ, ಮುರಿದು ತಾನೇ ತಿಂದಳು.